ಐದು ಪ್ರೊಸೆಸರ್, ಐದು ಥರದ ಕೆಲಸ: ಚಿಪ್ ಎಲ್ಲಿ ಕಾಯುತ್ತದೆ ಎಂದು ಅಳೆದ ಲೆಕ್ಕ

ನನ್ನ ಹಳೆಯ ಯಂತ್ರ ಒಂದೇ ಆಗಿದ್ದರೂ ಎಲ್ಲ ಕೆಲಸ ಅದೇ ಮಾಡುತ್ತಿತ್ತು. ದೊಡ್ಡ ಸಿ++ ಕೋಡ್ ಕಂಪೈಲ್ ಮಾಡುವುದು, ವಿಡಿಯೋ ಎನ್‌ಕೋಡ್ ಮಾಡುವುದು, ಮೆಮೊರಿಯಲ್ಲೇ ಇರುವ ಒಂದು ಇಂಡೆಕ್ಸ್‌ನಲ್ಲಿ ಹುಡುಕುವುದು, ಚಿಕ್ಕ ಭಾಷಾ ಮಾಡೆಲ್ ಓಡಿಸುವುದು, ಜೊತೆಗೆ ಹಗಲು ರಾತ್ರಿ ಫೈಲ್ ಸರ್ವರ್ ಆಗಿ ನಿಂತಿರುವುದು. ಅದನ್ನು ಬದಲಿಸುವ ಹೊತ್ತು ಬಂದಾಗ "ಯಾವ ಪ್ರೊಸೆಸರ್ ಒಳ್ಳೆಯದು" ಎಂದು ಕೇಳುವುದನ್ನು ಬಿಟ್ಟೆ. ಪ್ರತಿ ಕೆಲಸದಲ್ಲೂ ಪ್ರೊಸೆಸರ್ ಯಾವುದಕ್ಕಾಗಿ ಕಾಯುತ್ತಾ ಕೂರುತ್ತದೆ ಅನ್ನುವುದನ್ನು ಅಳೆಯಲು ಹೊರಟೆ. ಗಿಗಾಹರ್ಟ್ಜ್, ಕೋರ್ ಸಂಖ್ಯೆ ಎಲ್ಲ ಆಮೇಲೆ.

ಮೇಜಿನ ಮೇಲೆ ಇಟ್ಟುಕೊಂಡದ್ದು ಇವು: ಎಎಂಡಿಯ ರೈಜನ್ 7 7700ಎಕ್ಸ್, ರೈಜನ್ 7 7800ಎಕ್ಸ್3ಡಿ, ರೈಜನ್ 9 7950ಎಕ್ಸ್, ಇಂಟೆಲ್ ಕೋರ್ ಐ7-13700ಕೆ, ಮತ್ತೊಂದು ತುದಿಯಲ್ಲಿ ರಾಸ್‌ಬೆರಿ ಪೈ 5. ಇವನ್ನೇ ಆರಿಸಲು ಕಾರಣ ಇದೆ. ಮೂರೂ ರೈಜನ್‌ಗಳು ಒಂದೇ ಎಎಂ5 ಸಾಕೆಟ್‌ಗೆ ಕೂರುತ್ತವೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಯಾವುದನ್ನೂ ಮುಟ್ಟದೆ ಚಿಪ್ ಒಂದನ್ನೇ ಬದಲಿಸಬಹುದು. ಅದರಲ್ಲೂ 7700ಎಕ್ಸ್ ಮತ್ತು 7800ಎಕ್ಸ್3ಡಿ ಅಂದರೆ ಅದೇ ಜೆನ್ 4 ವಿನ್ಯಾಸದ ಕೋರ್, ಅದೇ 8 ಕೋರ್, ಅದೇ 16 ಥ್ರೆಡ್ (ಒಟ್ಟಿಗೆ ಓಡಬಲ್ಲ ಕೆಲಸದ ಎಳೆ). ಮುಖ್ಯ ವ್ಯತ್ಯಾಸ ಎಲ್3 ಕ್ಯಾಶ್ (ಚಿಪ್‌ನೊಳಗಿನ ಚಿಕ್ಕ, ವೇಗದ ಮೆಮೊರಿಗಳಲ್ಲಿ ಮೂರನೇ ಹಂತ): ಒಂದರಲ್ಲಿ 32 ಎಂಬಿ, ಇನ್ನೊಂದರಲ್ಲಿ ಚಿಪ್ ಮೇಲೆ ಇನ್ನೊಂದು ಕ್ಯಾಶ್ ಪದರ ಕೂರಿಸಿ ಒಟ್ಟು 96 ಎಂಬಿ. ಬೂಸ್ಟ್ ವೇಗದಲ್ಲಿ ಮಾತ್ರ 7700ಎಕ್ಸ್ ಮುಂದೆ, 5.4 ಗಿಗಾಹರ್ಟ್ಜ್‌ಗೆ ಎದುರಾಗಿ 5.0. ಕ್ಯಾಶ್ ಏನು ಮಾಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಬೆಂಚ್ ಸಜ್ಜು ಮಾಡಿದ್ದು

ಕೇಸ್ ಇಲ್ಲದೆ ಬೋರ್ಡ್‌ಗಳನ್ನು ತೆರೆದ ಚೌಕಟ್ಟಿನ ಮೇಲೆ ಇಟ್ಟೆ. ಎಎಂ5ನಲ್ಲಿ ಪಿನ್‌ಗಳು ಇರುವುದು ಸಾಕೆಟ್‌ನಲ್ಲಿ, ಚಿಪ್‌ನಲ್ಲಲ್ಲ. ಹಾಗಾಗಿ ಪದೇ ಪದೇ ಬದಲಿಸುವಾಗ ಎಚ್ಚರ ಬೇಕಾದದ್ದು ಬೋರ್ಡ್ ಕಡೆಗೆ. ಚಿಪ್ ಮೇಲಿನ ಲೋಹದ ಮುಚ್ಚಳದ ಅಂಚಿನಲ್ಲಿ ಕಚ್ಚು ಕಚ್ಚಾಗಿ ಖಾಲಿ ಜಾಗ ಬಿಟ್ಟಿದ್ದಾರೆ. ಅಲ್ಲಿ ಸಣ್ಣ ಸಣ್ಣ ಕೆಪಾಸಿಟರ್‌ಗಳಿವೆ. ಥರ್ಮಲ್ ಪೇಸ್ಟ್ ಜಾಸ್ತಿ ಹಾಕಿದರೆ ಅಲ್ಲಿಗೆ ಇಳಿಯುತ್ತದೆ, ಒರೆಸುವುದು ತಲೆನೋವು. ನಡುವೆ ತೆಳುವಾಗಿ ಹರಡಿದರೆ ಸಾಕು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇರುತ್ತದೆ. ಗಾಬರಿ ಬೇಡ. ಡಿಡಿಆರ್5 ಮೆಮೊರಿಯ ಸಮಯಗಳನ್ನು ಬೋರ್ಡ್ ಹೊಂದಿಸಿಕೊಳ್ಳುತ್ತಿರುತ್ತದೆ, ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಇಂಟೆಲ್ ಬೋರ್ಡ್‌ನಲ್ಲಿ ಮೊದಲು ಮಾಡಿದ ಕೆಲಸ ಬಯಾಸ್ ಅಪ್‌ಡೇಟ್. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಕಂಡ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಬೇಡಿಕೆ ಒಂದು ಕಾರಣ ಎಂದು ಹೇಳಿ ಇಂಟೆಲ್ 2024ರ ಆಗಸ್ಟ್‌ನಲ್ಲಿ ಹೊಸ ಮೈಕ್ರೋಕೋಡ್ (ಚಿಪ್‌ನೊಳಗಿನ ನಿಯಂತ್ರಣ ಕೋಡ್) ಕೊಟ್ಟಿತು, ಆಮೇಲೆ ಇನ್ನೊಂದನ್ನೂ ಸೇರಿಸಿತು. ಅದಿಲ್ಲದೆ ಅಳತೆ ಶುರು ಮಾಡುವುದರಲ್ಲಿ ಅರ್ಥವಿಲ್ಲ.

ಎರಡೂ ಬೋರ್ಡ್‌ಗೆ ಅದೇ ಡಿಡಿಆರ್5-6000 ರ‍್ಯಾಮ್ ಜೋಡಿಯನ್ನು ಎತ್ತಿ ಹಾಕಿದೆ. ಒಂದೇ ಲಿನಕ್ಸ್ ಕರ್ನಲ್, ಒಂದೇ ಕಂಪೈಲರ್. ಇನ್ನು ವಿದ್ಯುತ್ ಮಿತಿ. ಇದನ್ನು ಕೈಯಾರೆ ಬರೆಯಲೇಬೇಕು. ಹಲವು ಬೋರ್ಡ್‌ಗಳು ಬಾಕ್ಸ್‌ನಿಂದ ತೆಗೆದಾಗಲೇ ಮಿತಿ ಸಡಿಲ ಬಿಟ್ಟಿರುತ್ತವೆ. ಆಗ ನೀವು ಅಳೆಯುವುದು ಪ್ರೊಸೆಸರನ್ನಲ್ಲ, ಬೋರ್ಡ್ ತಯಾರಕರ ಧೈರ್ಯವನ್ನು. 13700ಕೆಗೆ ನಿರಂತರ 125 ಮತ್ತು ಬೂಸ್ಟ್‌ನಲ್ಲಿ 253 ವ್ಯಾಟ್, 7950ಎಕ್ಸ್‌ಗೆ 230, 7700ಎಕ್ಸ್‌ಗೆ 142, 7800ಎಕ್ಸ್3ಡಿಗೆ 162 ಎಂದು ತಯಾರಕರು ಹೇಳಿದ ಅಂಕಿಗಳನ್ನೇ ಹಾಕಿದೆ.

ಅಳತೆಗೆ ಎರಡು ಮೀಟರ್. ಒಂದು ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್, ಇನ್ನೊಂದು ಚಿಪ್‌ನೊಳಗಿನ ಶಕ್ತಿಯ ಎಣಿಕೆ, ಲಿನಕ್ಸ್‌ನಲ್ಲಿ ಪವರ್‌ಕ್ಯಾಪ್ ಕೆಳಗೆ ಸಿಗುತ್ತದೆ. ಎರಡನೆಯದು ಚಿಪ್ ಮಟ್ಟಿಗೆ ಮಾತ್ರ. ರ‍್ಯಾಮ್, ಬೋರ್ಡ್, ಪವರ್ ಸಪ್ಲೈಯಲ್ಲಿ ಕಳೆದುಹೋಗುವುದು ಅದರಲ್ಲಿ ಕಾಣುವುದಿಲ್ಲ. ಉಳಿದಂತೆ ಎಲ್ಲಕ್ಕೂ ಪರ್ಫ್ ಸ್ಟ್ಯಾಟ್, ಚಿಪ್‌ನ ಎಣಿಕೆಗಳನ್ನು ತೋರಿಸುವ ಲಿನಕ್ಸ್ ಕಮಾಂಡ್. ಎಷ್ಟು ಸೈಕಲ್‌ಗೆ (ಕ್ಲಾಕ್‌ನ ಮಿಡಿತಕ್ಕೆ) ಎಷ್ಟು ಇನ್‌ಸ್ಟ್ರಕ್ಷನ್ ಮುಗಿಯಿತು, ಎಷ್ಟು ಸಲ ಬೇಕಾದದ್ದು ಕ್ಯಾಶ್‌ನಲ್ಲಿ ಸಿಗದೆ ತಪ್ಪಿತು, ಎಷ್ಟು ಬ್ರಾಂಚ್ ಊಹೆ (ಕೋಡ್ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬ ಊಹೆ) ಸುಳ್ಳಾಯಿತು: ಈ ಮೂರು ಸಾಲುಗಳೇ ಕೆಲಸದ ಸ್ವಭಾವವನ್ನು ಹೇಳಿಬಿಡುತ್ತವೆ.

ಮೊದಲು ಕ್ಯಾಶ್‌ನ ನಕ್ಷೆ

ನಿಜವಾದ ಕೆಲಸಕ್ಕೆ ಮುಂಚೆ ಒಂದು ಚಿಕ್ಕ ಸಿ ಪ್ರೋಗ್ರಾಂ ಬರೆದೆ. ಒಂದು ದೊಡ್ಡ ಅರೇ, ಅದರ ಪ್ರತಿ ಮನೆಯಲ್ಲೂ ಮುಂದಿನ ಮನೆಯ ವಿಳಾಸ, ವಿಳಾಸಗಳು ಮಾತ್ರ ಚೆಲ್ಲಾಪಿಲ್ಲಿ. ಒಂದನ್ನು ಓದಿದ ಮೇಲಷ್ಟೇ ಮುಂದಿನದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಅರೇ ಗಾತ್ರವನ್ನು 16 ಕೆಬಿಯಿಂದ 256 ಎಂಬಿವರೆಗೆ ಏರಿಸುತ್ತಾ ಹೋದರೆ ಒಂದೊಂದು ಓದಿಗೆ ಹಿಡಿಯುವ ಸಮಯ ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲು ಎಲ್ಲಿ ಬರುತ್ತದೋ ಅಲ್ಲಿ ಒಂದು ಕ್ಯಾಶ್ ಮುಗಿಯಿತು.

ಜೆನ್ 4ರಲ್ಲಿ ಮೆಟ್ಟಿಲುಗಳು 32 ಕೆಬಿ, 1 ಎಂಬಿ, ಆಮೇಲೆ 32 ಅಥವಾ 96 ಎಂಬಿ. 13700ಕೆಯ ದೊಡ್ಡ ಕೋರ್‌ನಲ್ಲಿ 48 ಕೆಬಿ, 2 ಎಂಬಿ, 30 ಎಂಬಿ. ಪೈ 5ರ ಕಾರ್ಟೆಕ್ಸ್-ಎ76ರಲ್ಲಿ 64 ಕೆಬಿ, 512 ಕೆಬಿ, 2 ಎಂಬಿ, ಅಲ್ಲಿಂದಾಚೆ ನೇರ ರ‍್ಯಾಮ್. ಈ ನಕ್ಷೆಯನ್ನು ಕಾಗದದ ಮೇಲೆ ಬರೆದು ಬೆಂಚ್ ಪಕ್ಕ ಅಂಟಿಸಿದೆ. ಮುಂದಿನ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇತ್ತು.

ಅಂಕಿಗಳನ್ನು ಸ್ವಲ್ಪ ಯೋಚಿಸಿ ನೋಡಿ. ಎಲ್1ನಿಂದ ಓದಲು 4-5 ಸೈಕಲ್. ಎಲ್2ನಿಂದ 15ರ ಆಸುಪಾಸು. ಜೆನ್ 4ರ ಎಲ್3ನಿಂದ ಸುಮಾರು 50. ರ‍್ಯಾಮ್‌ವರೆಗೆ ಹೋಗಿ ಬರಲು 75 ನ್ಯಾನೊಸೆಕೆಂಡ್ ಎಂದಿಟ್ಟುಕೊಂಡರೆ, 4.5 ಗಿಗಾಹರ್ಟ್ಜ್‌ನಲ್ಲಿ ಅದು 330ಕ್ಕೂ ಜಾಸ್ತಿ ಸೈಕಲ್. ಒಂದು ಸೈಕಲ್‌ಗೆ 6 ಕೆಲಸ ಒಳಗೆ ಕಳಿಸಬಲ್ಲ ಕೋರ್ ಅಷ್ಟು ಹೊತ್ತು ಸುಮ್ನೆ ಕೂರುತ್ತದೆ. ಆ ಹೊತ್ತಿನಲ್ಲಿ ಕ್ಲಾಕ್ 5.0 ಇದ್ದರೇನು, 5.4 ಇದ್ದರೇನು?

ಇಲ್ಲಿ ಒಂದು ಎಚ್ಚರಿಕೆ. ಮಾಮೂಲಿ 4 ಕೆಬಿ ಪುಟಗಳಲ್ಲಿ ಈ ಪರೀಕ್ಷೆ ಮಾಡಿದರೆ 12 ಎಂಬಿ ಹತ್ತಿರ ಇನ್ನೊಂದು ಮೆಟ್ಟಿಲು ಕಾಣುತ್ತದೆ. ಅದು ಕ್ಯಾಶ್ ಅಲ್ಲ. ಜೆನ್ 4ರ ಎರಡನೇ ಹಂತದ ಟಿಎಲ್‌ಬಿಯಲ್ಲಿ (ಯಾವ ಮೆಮೊರಿ ಪುಟ ಎಲ್ಲಿದೆ ಎಂದು ನೆನಪಿಡುವ ಪಟ್ಟಿ) 3072 ವಿಳಾಸಗಳಿಗೆ ಜಾಗ, 3072 ಗುಣಿಸು 4 ಕೆಬಿ ಅಂದರೆ 12 ಎಂಬಿ. 2 ಎಂಬಿಯ ದೊಡ್ಡ ಪುಟಗಳಿಗೆ ಬದಲಾಯಿಸಿದಾಗ ಆ ಮೆಟ್ಟಿಲು ಮಾಯವಾಯಿತು. ಹಾರ್ಡ್‌ವೇರ್ ಮೇಲೆ ಖರ್ಚು ಮಾಡುವ ಮುಂಚೆ ಇಂಥ ಸೆಟ್ಟಿಂಗ್ ಒಂದನ್ನು ಮುಟ್ಟಿ ನೋಡುವುದು ಯಾವಾಗಲೂ ಲಾಭ.

ಇಂಡೆಕ್ಸ್ ಹುಡುಕಾಟ

ನನ್ನ ಇಂಡೆಕ್ಸ್‌ನಲ್ಲಿ ಮತ್ತೆ ಮತ್ತೆ ಮುಟ್ಟುವ ಭಾಗ ಸುಮಾರು 70 ಎಂಬಿ. ನಕ್ಷೆ ನೋಡಿದರೆ ಗೊತ್ತಾಗುತ್ತದೆ ಅಲ್ವಾ? 32ರಲ್ಲಿ ಹಿಡಿಯುವುದಿಲ್ಲ, 30ರಲ್ಲೂ ಇಲ್ಲ, 96ರಲ್ಲಿ ಹಿಡಿಯುತ್ತದೆ.

ಎರಡೂ ಎಂಟು ಕೋರ್ ರೈಜನ್‌ಗಳ ವೇಗವನ್ನು 4.5 ಗಿಗಾಹರ್ಟ್ಜ್‌ಗೆ ಕಟ್ಟಿಹಾಕಿ ಓಡಿಸಿದೆ. 7800ಎಕ್ಸ್3ಡಿ ಸ್ಪಷ್ಟವಾಗಿ ಮುಂದೆ ಹೋಯಿತು. ಪರ್ಫ್‌ನಲ್ಲಿ ಕಾರಣವೂ ಕಂಡಿತು: ಇನ್‌ಸ್ಟ್ರಕ್ಷನ್ ಸಂಖ್ಯೆ ಎರಡರಲ್ಲೂ ಒಂದೇ, ರ‍್ಯಾಮ್‌ಗೆ ಹೋದ ಓದುಗಳು ಮಾತ್ರ ಇದರಲ್ಲಿ ಎಷ್ಟೋ ಕಡಿಮೆ. ಆಮೇಲೆ ಕಟ್ಟು ಬಿಚ್ಚಿ 7700ಎಕ್ಸ್‌ಗೆ ಅದರ ಪೂರ್ತಿ ಬೂಸ್ಟ್ ಕೊಟ್ಟೆ. ಸ್ಥಾನ ಬದಲಾಗಲಿಲ್ಲ. ಕಾಯುವ ಹೊತ್ತನ್ನು ಕ್ಲಾಕ್ ಕಡಿಮೆ ಮಾಡಲಾರದು.

ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದರ ಮುಂದಿನ ಹೆಜ್ಜೆ. ಒಂದು ಕೀ ಹುಡುಕಿ ಮುಗಿಸಿ ಇನ್ನೊಂದನ್ನು ಹಿಡಿಯುವ ಬದಲು, ಹದಿನಾರು ಕೀಗಳನ್ನು ಒಟ್ಟಿಗೆ ತೆಗೆದುಕೊಂಡು ಹಂತ ಹಂತವಾಗಿ ಇಳಿಯುವಂತೆ ಕೋಡ್ ತಿದ್ದಿದೆ. ಮೊದಲ ಕೀಯ ಮುಂದಿನ ಗಂಟಿಗೆ (ನೋಡ್‌ಗೆ) ಪ್ರೀಫೆಚ್, ಅಂದರೆ ಬೇಕಾಗುವ ಮುಂಚೆಯೇ ತರಿಸುವ ಆದೇಶ, ಕಳಿಸು, ಅದು ಬರುವಷ್ಟರಲ್ಲಿ ಎರಡನೆಯದಕ್ಕೆ ಕಳಿಸು, ಹೀಗೆ. ಈಗ ಒಂದು ಓದು ಇನ್ನೊಂದಕ್ಕೆ ಕಾಯುವುದಿಲ್ಲ, ಹಲವು ಓದುಗಳು ಒಟ್ಟಿಗೇ ರ‍್ಯಾಮ್ ದಾರಿಯಲ್ಲಿರುತ್ತವೆ. 7700ಎಕ್ಸ್ ತಟ್ಟನೆ ಜಿಗಿಯಿತು, ಎರಡು ಚಿಪ್‌ಗಳ ನಡುವಿನ ಅಂತರ ಬಹಳ ಕಿರಿದಾಯಿತು. 13700ಕೆ ಕೂಡ ಚೆನ್ನಾಗಿ ಏರಿತು.

ಪ್ರೀಫೆಚ್ ಸಾಲುಗಳನ್ನು ತೆಗೆದು, ಹದಿನಾರರ ಗುಂಪನ್ನು ಮಾತ್ರ ಉಳಿಸಿಕೊಂಡೂ ನೋಡಿದೆ. ಆಗಲೂ ಲಾಭ ಪೂರ್ತಿ ಹೋಗಲಿಲ್ಲ. ಕೋರ್‌ಗಳ ವಿನ್ಯಾಸದ ವ್ಯತ್ಯಾಸ ಇಲ್ಲಿ ಕೈಗೆ ಸಿಗುತ್ತದೆ. ಇನ್ನೂ ಮುಗಿಯದ ಇನ್‌ಸ್ಟ್ರಕ್ಷನ್‌ಗಳನ್ನು ಸಾಲಾಗಿ ಹಿಡಿದಿಟ್ಟುಕೊಳ್ಳುವ ಜಾಗ ಜೆನ್ 4ರಲ್ಲಿ 320, 13700ಕೆಯ ದೊಡ್ಡ ಕೋರ್‌ನಲ್ಲಿ 512. ಸಾಲು ಉದ್ದವಾದಷ್ಟೂ ಕೋರ್ ತಾನೇ ಮುಂದಕ್ಕೆ ನೋಡಿ ಬೇರೆ ಓದುಗಳನ್ನು ಹೊರಡಿಸುತ್ತದೆ. ಮೊದಲಿನ ಕೊಂಡಿ ಹಾಗಿದ್ದ ಅರೇಯಲ್ಲಿ ಈ ಉದ್ದದಿಂದ ಏನೂ ಉಪಯೋಗವಿಲ್ಲ, ಮುಂದಿನ ವಿಳಾಸವೇ ಗೊತ್ತಿಲ್ಲವಲ್ಲ. ಸ್ವತಂತ್ರ ಓದುಗಳಿದ್ದಾಗ ಅದೇ ದೊಡ್ಡ ಆಸ್ತಿ. ಹಾಗಾಗಿ ದೊಡ್ಡ ಕ್ಯಾಶ್, ಉದ್ದನೆಯ ಸಾಲು ಎರಡೂ ಒಂದೇ ತೊಂದರೆಗೆ ಕೊಟ್ಟ ಬೇರೆ ಬೇರೆ ಉತ್ತರ. ಯಾವುದು ನಿಮಗೆ ಬೇಕು ಎಂದು ನಿಮ್ಮ ಕೋಡ್‌ನ ಆಕಾರ ಹೇಳುತ್ತದೆ. ಕೋಡ್ ತಿದ್ದುವ ಸ್ವಾತಂತ್ರ್ಯ ಇಲ್ಲದವರಿಗೆ ದೊಡ್ಡ ಕ್ಯಾಶ್ ನೇರ ದಾರಿ.

7950ಎಕ್ಸ್‌ನಲ್ಲಿ ಇನ್ನೊಂದು ವಿಷಯ ಇದೆ. ಅದರ 64 ಎಂಬಿ ಎಲ್3 ನಿಜಕ್ಕೂ ಒಂದೇ ಕ್ಯಾಶ್ ಅಲ್ಲ. ಎಂಟೆಂಟು ಕೋರ್‌ಗಳ ಎರಡು ತುಂಡು, ತುಂಡಿಗೆ 32 ಎಂಬಿ. ಒಂದು ತುಂಡಿನ ಕೋರ್ ಇನ್ನೊಂದು ತುಂಡಿನಲ್ಲಿರುವ ಡೇಟಾ ಕೇಳಿದರೆ ಅದು ನಡುವಿನ ಐಒ ಡೈ (ಮೆಮೊರಿ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳುವ ತುಂಡು) ದಾಟಿ ಬರಬೇಕು, ಸಮಯ ಹಲವು ಪಟ್ಟು ಹೆಚ್ಚು. ಒಂದೇ ಲಾಕ್‌ಗಾಗಿ (ಒಮ್ಮೆಗೆ ಒಂದೇ ಥ್ರೆಡ್‌ಗೆ ಸಿಗುವ ಬೀಗಕ್ಕಾಗಿ) ಥ್ರೆಡ್‌ಗಳು ಗುದ್ದಾಡುವ ಕೆಲಸವನ್ನು 16 ಕೋರ್‌ಗೆ ಹರಡಿದಾಗ ನಿರೀಕ್ಷೆಯಷ್ಟು ವೇಗ ಸಿಗಲಿಲ್ಲ. ಟಾಸ್ಕ್‌ಸೆಟ್ (ಯಾವ ಕೋರ್‌ನಲ್ಲಿ ಓಡಬೇಕು ಎಂದು ಹೇಳುವ ಕಮಾಂಡ್) ಹಾಕಿ ಒಂದೇ ತುಂಡಿಗೆ ಕಟ್ಟಿದ ಮೇಲೆ ಪ್ರತಿ ಹುಡುಕಾಟದ ಸಮಯ ಒಂದೇ ಹದಕ್ಕೆ ಬಂತು.

ಕಂಪೈಲ್

ಇಲ್ಲಿ ಕೋರ್‌ಗಳೇ ರಾಜ, ಆದರೆ ಒಂದು ಮಿತಿಯವರೆಗೆ. ನೂರಾರು ಫೈಲ್‌ಗಳು ಬೇರೆ ಬೇರೆಯಾಗಿ ಕಂಪೈಲ್ ಆಗುತ್ತವೆ, ಅವನ್ನೆಲ್ಲ ಒಂದು ಪ್ರೋಗ್ರಾಂ ಆಗಿ ಜೋಡಿಸುವ ಕೊನೆಯ ಲಿಂಕ್ ಹಂತ ಬಹುಪಾಲು ಒಂದೇ ಥ್ರೆಡ್‌ನಲ್ಲಿ. ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದವನ್ನು ಲೆಕ್ಕಕ್ಕಿಳಿಸಿದರೆ, ಕೆಲಸದ 5% ಮಾತ್ರ ಹಂಚಲಾಗದ್ದು ಎಂದುಕೊಂಡರೂ 16 ಕೋರ್‌ನಿಂದ ಸಿಗುವ ವೇಗ ಸುಮಾರು 9 ಪಟ್ಟು, 16 ಅಲ್ಲ. ಇದು ಗ್ರಾಫ್‌ನಲ್ಲಿ ಕಣ್ಣಿಗೆ ಕಾಣುತ್ತದೆ: ಎಲ್ಲ ಕೋರ್ ಉರಿಯುತ್ತಿರುತ್ತವೆ, ಕೊನೆಗೆ ಒಂದೇ ಒಂದು ಮಿಣುಕುತ್ತದೆ. ಲಿಂಕರ್ ಅನ್ನೇ ಹಲವು ಥ್ರೆಡ್ ಬಳಸುವ ಎಲ್‌ಎಲ್‌ಡಿಗೆ ಬದಲಿಸಿದಾಗ ಆ ಬಾಲ ಚಿಕ್ಕದಾಯಿತು.

13700ಕೆ ಇಲ್ಲಿ ಗೌರವ ಉಳಿಸಿಕೊಂಡಿತು. ಅದರಲ್ಲಿ 8 ದೊಡ್ಡ ಕೋರ್, 8 ಚಿಕ್ಕ ಕೋರ್. ದೊಡ್ಡವಕ್ಕೆ ಎರಡೆರಡು ಥ್ರೆಡ್, ಚಿಕ್ಕವಕ್ಕೆ ಒಂದೊಂದು, ಒಟ್ಟು 24. ಕಂಪೈಲ್ ನಡೆಸುವ ಮೇಕ್ ಎಂಬ ಉಪಕರಣ ಕೆಲಸ ಹಂಚುವ ರೀತಿ ಇದಕ್ಕೆ ಸರಿಯಾಗಿ ಹೊಂದುತ್ತದೆ: ಯಾರು ಬಿಡುವಾದರೋ ಅವರಿಗೆ ಮುಂದಿನ ಫೈಲ್. ಚಿಕ್ಕ ಕೋರ್ ನಿಧಾನವಾದರೂ ಯಾರನ್ನೂ ಕಾಯಿಸುವುದಿಲ್ಲ.

ಇದಕ್ಕೆ ಉಲ್ಟಾ ನನ್ನದೇ ಒಂದು ಚಿತ್ರ ಸಂಸ್ಕರಣೆಯ ಕೋಡ್. ಅದು ಕೆಲಸವನ್ನು ಸಮ ತುಂಡುಗಳಾಗಿ ಮೊದಲೇ ಕತ್ತರಿಸಿ ಎಲ್ಲ ಥ್ರೆಡ್‌ಗೂ ಕೊಡುತ್ತದೆ. ಆಗ ದೊಡ್ಡ ಕೋರ್‌ಗಳು ತಮ್ಮ ಪಾಲು ಬೇಗ ಮುಗಿಸಿ ಚಿಕ್ಕವು ಮುಗಿಸುವವರೆಗೆ ಕೈಕಟ್ಟಿ ನಿಲ್ಲುತ್ತವೆ. ಥ್ರೆಡ್‌ಗಳಿಗೆ ಕೆಲಸ ಹಂಚುವ ಓಪನ್‌ಎಂಪಿಯಲ್ಲಿ ಸ್ಟ್ಯಾಟಿಕ್ (ಮೊದಲೇ ಹಂಚುವುದು) ಎಂದಿದ್ದನ್ನು ಡೈನಮಿಕ್ (ಬಿಡುವಾದವರಿಗೆ ಹಂಚುವುದು) ಮಾಡಿದೆ, ಅಷ್ಟೇ. ಮಿಶ್ರ ಕೋರ್ ವಿನ್ಯಾಸ ಕೆಟ್ಟದ್ದು ಎಂದು ದೂರುವವರು ಮೊದಲು ತಮ್ಮ ಪ್ರೋಗ್ರಾಂ ಕೆಲಸ ಹೇಗೆ ಹಂಚುತ್ತದೆ ಎಂದು ನೋಡಬೇಕು.

ವಿಡಿಯೋ

ಎಕ್ಸ್265 ಎನ್‌ಕೋಡರ್‌ಗೆ 7950ಎಕ್ಸ್ ಹೇಳಿ ಮಾಡಿಸಿದಂತಿದೆ, ಆದರೆ 1080ಪಿ ವಿಡಿಯೋ ಕೊಟ್ಟಾಗ 32 ಥ್ರೆಡ್‌ಗಳಲ್ಲಿ ಬಹಳಷ್ಟು ಖಾಲಿ ಬಿದ್ದಿದ್ದವು. ಕಾರಣ ಸರಳ. ಎನ್‌ಕೋಡರ್ ಚಿತ್ರವನ್ನು 64 ಪಿಕ್ಸೆಲ್ ಎತ್ತರದ ಸಾಲುಗಳಾಗಿ ಹಂಚುತ್ತದೆ. 1080ನ್ನು 64ರಿಂದ ಭಾಗಿಸಿದರೆ 17 ಸಾಲು. ಜೊತೆಗೆ ಪ್ರತಿ ಸಾಲೂ ಮೇಲಿನ ಸಾಲು ಸ್ವಲ್ಪ ಮುಂದೆ ಹೋಗುವವರೆಗೆ ಕಾಯಬೇಕು. ಒಂದಕ್ಕಿಂತ ಹೆಚ್ಚು ಫ್ರೇಮ್ ಒಟ್ಟಿಗೆ ನಡೆಸಿದರೂ ಅಂತರ ಪೂರ್ತಿ ತುಂಬುವುದಿಲ್ಲ. 4ಕೆ ವಿಡಿಯೋದಲ್ಲಿ 34 ಸಾಲು, ಅಲ್ಲಿ ಕೋರ್‌ಗಳು ತುಂಬಿದವು. ಚಿಕ್ಕ ವಿಡಿಯೋಗಳಿಗೆ ಎರಡು ಎನ್‌ಕೋಡ್ ಒಟ್ಟಿಗೆ ಓಡಿಸುವುದೇ ಉಪಾಯ, ತುಂಡಿಗೊಂದರಂತೆ.

ಇದೇ ಕೆಲಸದಲ್ಲಿ ವಿದ್ಯುತ್ ಮಿತಿಯನ್ನೂ ಇಳಿಸಿ ನೋಡಿದೆ. 7950ಎಕ್ಸ್ ಪೂರ್ತಿ ಹೊರೆಯಲ್ಲಿ 95 ಡಿಗ್ರಿ ತಲುಪುತ್ತದೆ. ಅದು ಅದರ ವಿನ್ಯಾಸದ ಗುರಿಯೇ, ಕೂಲರ್ ಸರಿ ಇಲ್ಲ ಎಂದಲ್ಲ. ಬಯಾಸ್‌ನ ಇಕೋ ಮೋಡ್‌ನಲ್ಲಿ ಮಿತಿ ತಗ್ಗಿಸಿದಾಗ ಶಾಖ, ಫ್ಯಾನ್ ಸದ್ದು ಎರಡೂ ಗಣನೀಯವಾಗಿ ಇಳಿದವು, ಎನ್‌ಕೋಡ್ ಸಮಯ ಅಷ್ಟೇನೂ ಏರಲಿಲ್ಲ. ಕೊನೆಯ ಕೆಲವು ನೂರು ಮೆಗಾಹರ್ಟ್ಜ್‌ಗೆ ವೋಲ್ಟೇಜ್ ಏರಿಸಬೇಕು, ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗದಂತೆ ಏರುತ್ತದೆ. ಹಾಗಾಗಿ ಫಲಿತಾಂಶ ಬರೆಯುವಾಗ ಸಮಯ ಒಂದನ್ನೇ ಬರೆಯದೆ, ವ್ಯಾಟ್ ಗುಣಿಸು ಸೆಕೆಂಡ್ ಎಂದು ಜೂಲ್‌ನಲ್ಲೂ ಬರೆದಿಟ್ಟೆ. ತುರ್ತಾಗಿ ಬೇಕು, ಗುಣಮಟ್ಟ ಸ್ವಲ್ಪ ತಗ್ಗಿದರೂ ಪರವಾಗಿಲ್ಲ ಎಂದಾದರೆ 13700ಕೆಯೊಳಗಿನ ಕ್ವಿಕ್ ಸಿಂಕ್ ಎಲ್ಲಕ್ಕಿಂತ ಮಿತವ್ಯಯಿ. ಅದು ಆ ಕೆಲಸಕ್ಕೆಂದೇ ಕೆತ್ತಿದ ಭಾಗ.

ಭಾಷಾ ಮಾಡೆಲ್

700 ಕೋಟಿ ಪ್ಯಾರಾಮೀಟರ್‌ನ ಮಾಡೆಲ್, 4 ಬಿಟ್‌ಗೆ ಇಳಿಸಿದ್ದು, ಸುಮಾರು 4 ಜಿಬಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹುಟ್ಟಿಸಲು ಆ 4 ಜಿಬಿಯನ್ನು ಪೂರ್ತಿ ಓದಬೇಕು. 96 ಎಂಬಿ ಕ್ಯಾಶ್ ಇಲ್ಲಿ ಸಾಸಿವೆ ಕಾಳು. ಹಾಗಾಗಿ ಲೆಕ್ಕವನ್ನು ಕಾಗದದ ಮೇಲೇ ಮಾಡಬಹುದು. ಎರಡು ಚಾನೆಲ್ ಡಿಡಿಆರ್5-6000 ಅಂದರೆ ಸೆಕೆಂಡಿಗೆ ಗರಿಷ್ಠ 96 ಜಿಬಿ. 4ರಿಂದ ಭಾಗಿಸಿದರೆ 24 ಟೋಕನ್. ಅದಕ್ಕಿಂತ ಮೇಲೆ ಹೋಗಲು ಯಾವ ಕೋರ್‌ಗೂ ಆಗದು.

ಆದರೆ ಎಂಟು ಕೋರ್‌ನ ರೈಜನ್‌ಗಳು ಆ ಗಡಿಯ ಹತ್ತಿರವೂ ಬರಲಿಲ್ಲ. ಕೋರ್ ತುಂಡಿನಿಂದ ಐಒ ಡೈಗೆ ಇರುವ ಕೊಂಡಿ ಒಂದು ಸೈಕಲ್‌ಗೆ 32 ಬೈಟ್ ಓದುತ್ತದೆ, 2000 ಮೆಗಾಹರ್ಟ್ಜ್‌ನಲ್ಲಿ ಅದು 64 ಜಿಬಿ. ಅಂದರೆ 16 ಟೋಕನ್‌ಗೇ ಮೇಲ್ಛಾವಣಿ. 7950ಎಕ್ಸ್‌ನಲ್ಲಿ ಎರಡು ತುಂಡು, ಎರಡು ಕೊಂಡಿ. ಅದು 64ರ ಗಡಿ ದಾಟಿತು. ಒಂದೇ ತುಂಡಾಗಿರುವ 13700ಕೆಗೆ ಈ ಕೊಂಡಿಯ ಅಡ್ಡಿಯೇ ಇಲ್ಲ, ಅದು ಮೆಮೊರಿಯ ಗಡಿಗೆ ಎಲ್ಲರಿಗಿಂತ ಹತ್ತಿರ ಹೋಯಿತು, ಅದೂ ದೊಡ್ಡ ಕೋರ್‌ಗಳನ್ನಷ್ಟೇ ಬಳಸಿ. ಇಂಡೆಕ್ಸ್‌ನಲ್ಲಿ ಗೆದ್ದ 7800ಎಕ್ಸ್3ಡಿ ಇಲ್ಲಿ ಹಿಂದೆ. ಪೈ 5ರಲ್ಲಿ 32 ಬಿಟ್ ಅಗಲದ ಎಲ್‌ಪಿಡಿಡಿಆರ್4ಎಕ್ಸ್, ಸುಮಾರು 17 ಜಿಬಿ, ಅಂದರೆ ಲೆಕ್ಕದಲ್ಲೇ 4 ಟೋಕನ್. ಆಪಲ್‌ನ ಎಂ1 ಮ್ಯಾಕ್ಸ್ 400 ಜಿಬಿ ದಾರಿ ಇಟ್ಟುಕೊಂಡೇ ಬಂದದ್ದು. ಆ ಸಾಲಿನ ಚಿಪ್‌ಗಳು ಈ ಕೆಲಸದಲ್ಲಿ ಹೆಸರು ಮಾಡಿರುವುದಕ್ಕೆ ಮುಖ್ಯ ಕಾರಣ ಇದೇ.

ನಾವು ಕೊಟ್ಟ ಪ್ರಶ್ನೆಯನ್ನು ಮಾಡೆಲ್ ಮೊದಲು ಓದಿಕೊಳ್ಳುವ ಹಂತ ಮಾತ್ರ ಬೇರೆ. ಒಮ್ಮೆ ತಂದ ತೂಕಗಳನ್ನು (ಪ್ಯಾರಾಮೀಟರ್‌ಗಳನ್ನು) ಹಲವು ಟೋಕನ್‌ಗೆ ಬಳಸುವುದರಿಂದ ಅಲ್ಲಿ ಲೆಕ್ಕ ಮಾಡುವ ಶಕ್ತಿಯೇ ಮುಖ್ಯ. ಜೆನ್ 4ರಲ್ಲಿ ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಮಾಡುವ ಎವಿಎಕ್ಸ್-512 ಇನ್‌ಸ್ಟ್ರಕ್ಷನ್‌ಗಳಿವೆ, 13700ಕೆಯಲ್ಲಿ ಇಲ್ಲ. 16 ದೊಡ್ಡ ಕೋರ್‌ನ 7950ಎಕ್ಸ್ ಆ ಹಂತವನ್ನು ಮೊದಲು ಮುಗಿಸಿತು.

ಸದಾ ಎಚ್ಚರದ ಕೆಲಸ

ಫೈಲ್ ಸರ್ವರ್ ದಿನದ ಬಹುಪಾಲು ಏನೂ ಮಾಡುವುದಿಲ್ಲ. ಇಲ್ಲಿ ನೋಡಬೇಕಾದದ್ದು ಸುಮ್ಮನಿದ್ದಾಗಿನ ವ್ಯಾಟ್. ತುಂಡುಗಳ ವಿನ್ಯಾಸದ ರೈಜನ್ ಡೆಸ್ಕ್‌ಟಾಪ್‌ಗಳಲ್ಲಿ ಐಒ ಡೈ ಮತ್ತು ಕೊಂಡಿಗಳು ಎಚ್ಚರವಾಗೇ ಇರುವುದರಿಂದ ಖಾಲಿ ಹೊತ್ತಿನಲ್ಲೂ ಜಾಸ್ತಿ ತಿನ್ನುತ್ತವೆ. 13700ಕೆ ಅವಕ್ಕಿಂತ ಚೆನ್ನಾಗಿ ಮಲಗುತ್ತದೆ. ಪೈ 5 ಕೆಲವೇ ವ್ಯಾಟ್. ಪೈ 4ರಲ್ಲಿ ಇಲ್ಲದ, ಗೂಢಲಿಪಿಗೆಂದೇ ಇರುವ ಎಇಎಸ್ ಇನ್‌ಸ್ಟ್ರಕ್ಷನ್‌ಗಳು ಪೈ 5ರಲ್ಲಿ ಬಂದಿವೆ. ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ನನಗೆ ಕ್ಲಾಕ್ 1.5ರಿಂದ 2.4 ಗಿಗಾಹರ್ಟ್ಜ್‌ಗೆ ಏರಿದ್ದಕ್ಕಿಂತ ಆ ಕೆಲವು ಇನ್‌ಸ್ಟ್ರಕ್ಷನ್‌ಗಳೇ ದೊಡ್ಡ ಲಾಭ.

ಕೊನೆಗೆ ಏನು ಎಲ್ಲಿ ಕೂತಿತು

ಫೈಲ್ ಸರ್ವರ್ ಪೈ 5ಕ್ಕೆ ಹೋಯಿತು. ಉಳಿದ ನಾಲ್ಕೂ ಕೆಲಸ 7950ಎಕ್ಸ್‌ಗೆ, ಇಕೋ ಮೋಡ್‌ನಲ್ಲಿ. ಇಂಡೆಕ್ಸ್ ಹುಡುಕಾಟ ಒಂದನ್ನೇ ನೋಡಿದರೆ 7800ಎಕ್ಸ್3ಡಿ ಮೇಲು, ಆದರೆ ಗುಂಪಾಗಿ ಹುಡುಕುವ ಕೋಡ್ ಬಂದ ಮೇಲೆ ಆ ಅಂತರಕ್ಕಾಗಿ ಎಂಟು ಕೋರ್ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಕೋಡ್ ತಿದ್ದಲಾಗದೆ ಇದ್ದಿದ್ದರೆ ಅದನ್ನೇ ಆರಿಸುತ್ತಿದ್ದೆ. ದಿನವಿಡೀ ಭಾಷಾ ಮಾಡೆಲ್ ಓಡಿಸುವವನಾಗಿದ್ದರೆ ಈ ನಾಲ್ಕು ಡೆಸ್ಕ್‌ಟಾಪ್ ಚಿಪ್‌ಗಳನ್ನೂ ಬಿಟ್ಟು ಅಗಲವಾದ ಮೆಮೊರಿ ದಾರಿ ಇರುವುದನ್ನು ಹುಡುಕುತ್ತಿದ್ದೆ.

ಕೊನೆಯ ಸೆಟ್ಟಿಂಗ್: ಇಂಡೆಕ್ಸ್ ಸರ್ವಿಸ್‌ನ ಸಿಸ್ಟಂಡಿ ಫೈಲ್‌ನಲ್ಲಿ (ಸರ್ವಿಸ್ ಹೇಗೆ ಓಡಬೇಕು ಎಂದು ಬರೆಯುವ ಫೈಲ್) ಸಿಪಿಯು ಅಫಿನಿಟಿ, ಅಂದರೆ ಯಾವ ಕೋರ್‌ಗಳಲ್ಲಿ ಓಡಬೇಕು ಎಂಬುದು, 0-7 ಮತ್ತು 16-23. ಲಿನಕ್ಸ್ ಎಣಿಕೆಯಲ್ಲಿ ಅದು ಮೊದಲ ತುಂಡಿನ ಎಂಟು ಕೋರ್, ಅವುಗಳ ಜೋಡಿ ಥ್ರೆಡ್‌ಗಳ ಸಮೇತ. ನಿಮ್ಮ ಯಂತ್ರದಲ್ಲಿ ಈ ಎಣಿಕೆ ಬೇರೆ ಇರಬಹುದು, ಮೊದಲು ಎಲ್‌ಎಸ್‌ಸಿಪಿಯು ಓಡಿಸಿ ಎಲ್3 ಯಾವ ಕೋರ್‌ಗಳಿಗೆ ಸೇರಿದೆ ಎಂದು ನೋಡಿಕೊಳ್ಳಿ. ಎನ್‌ಕೋಡ್ ಮತ್ತು ಕಂಪೈಲ್ ಕೆಲಸಗಳಿಗೆ 8-15 ಮತ್ತು 24-31 ಕೊಟ್ಟಿದ್ದೇನೆ. ಈಗ ರಾತ್ರಿ ಎನ್‌ಕೋಡ್ ಓಡುತ್ತಿದ್ದರೂ ಅದು ಇಂಡೆಕ್ಸ್‌ನ ಎಲ್3ನಿಂದ ಒಂದು ಸಾಲನ್ನೂ ಹೊರಹಾಕುವುದಿಲ್ಲ. ರ‍್ಯಾಮ್ ದಾರಿ ಮಾತ್ರ ಇಬ್ಬರಿಗೂ ಒಂದೇ. ಅಲ್ಲಿನ ನೂಕುನುಗ್ಗಲನ್ನು ಅಳೆಯುವುದು ಮುಂದಿನ ಕೆಲಸ.